ನೀಲವ್ವ ಕಾಕು ಬೆಣೆ ಕಿತ್ತ ದಿನ

ಮೊಮ್ಮಕ್ಕಳೇ, ಶಿವಾನಂದ, ಸವಿತಾ, ಎದುರಿಗೆ ಕೂತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನನ್ನು ಸಾಕಿದ ನೀಲವ್ವ ಕಾಕು, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ, ಯಾರಾದರೂ ಬೈದರೆ ನಗುತ್ತಿದ್ದಳು. ಹಲ್ಲು ಕಾಣುವ ಹಾಗೆ ನಕ್ಕು, ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಬೈದವರು ಪಾಪದ ಹೆಂಗಸು ಅಂದುಕೊಳ್ಳುತ್ತಿದ್ದರು. ಮನೆಯವರಾದ ನಮಗೆ ಮಾತ್ರ ಆ ನಗು ಕಂಡರೆ ಹೆದರಿಕೆ.

"ಸಿಟ್ಟ ಅಂದ್ರ ಹಸಿ ಕಟಿಗಿ ಇದ್ದಂಗವಾ," ಅನ್ನುತ್ತಿದ್ದಳು. "ಮೊದಲ ಒಣಗಿಸಬೇಕು, ಆಮ್ಯಾಲೆ ಹಚ್ಚಬೇಕು. ಹಸೀದ ಹಚ್ಚಿದ್ರ ಹೊಗಿ ನಮ್ಮ ಕಣ್ಣಿಗೇ ಬರ್ತೈತಿ."

ಪಕ್ಕದ ಮನೆಯ ಸಾವಕ್ಕ ಒಮ್ಮೆ ಕಾಕುವಿನ ರೊಟ್ಟಿಯನ್ನು ಎಮ್ಮೆಯ ತೊಗಲು ಅಂದಿದ್ದಳು. ಕಾಕು ನಕ್ಕಳು. ಎಷ್ಟೋ ತಿಂಗಳಾದ ಮೇಲೆ ಸಾವಕ್ಕನ ಮನೆಗೆ ಹೇಳದೆ ಕೇಳದೆ ಬೀಗರು ಬಂದರು, ರೊಟ್ಟಿ ಸಾಲಲಿಲ್ಲ, ಸಾವಕ್ಕ ಓಡಿ ಬಂದಳು. ಕಾಕು ಬುಟ್ಟಿ ತುಂಬ ರೊಟ್ಟಿ ಹೊತ್ತು ತಾನೇ ಹೋಗಿ, ಊಟಕ್ಕೆ ಕೂತವರ ನಡುವೆ ಇಟ್ಟು, "ಎಮ್ಮಿ ತೊಗಲ ತಂದೇನ್ರಿ, ಉಣ್ರಿ. ಈ ಹೆಸರ ಇಟ್ಟಾಕಿ ನಮ್ಮ ಸಾವಕ್ಕ," ಅಂದಳಂತೆ.

ನಮ್ಮದು ಧುಪದಾಳ. ಗೋಕಾಕದ ದಾರಿಯಲ್ಲಿ ಆಗ ಹತ್ತಿ ವ್ಯಾಪಾರ ಮಾಡುವ ಒಬ್ಬ ಸಾಹೇಬನ ಬಂಗಲೆ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಅವನು ವಿಲಾಯತಿಗೆ ಮರಳಿರಲಿಲ್ಲ. ಕಾಕು ಅಲ್ಲಿ ಕಸ ಗುಡಿಸುತ್ತಿದ್ದಳು. ಆ ಮನೆಯಲ್ಲಿ ಸಾಹೇಬನಿಗಿಂತ ಬಟ್ಲರ್ ಬಾಬೂರಾಯನ ದರ್ಬಾರೇ ದೊಡ್ಡದು.

ಚಳಿಗಾಲದಲ್ಲಿ ಅವರ ದೊಡ್ಡ ಹಬ್ಬಕ್ಕೆ ಕಾಲುವೆ ದಂಡೆಯ ಸರುವೆ ಗಿಡ ಕಡಿದು ತಂದು ನಡುಮನೆಯಲ್ಲಿ ನಿಲ್ಲಿಸುತ್ತಿದ್ದರು. ಮೊದಲ ವರ್ಷ ಉಸುಕಿನ ಬಕೀಟಿನಲ್ಲಿ ನಿಲ್ಲಿಸಿದ್ದು ಬುಡಮೇಲಾಗಿ ಬಿತ್ತಂತೆ. ಮರುವರ್ಷದಿಂದ ಕಾಕು ನಮ್ಮ ಅಂಗಳದ ಒಳಕಲ್ಲನ್ನೇ ಬಂಡಿಯಲ್ಲಿ ಸಾಗಿಸುತ್ತಿದ್ದಳು. ಖಾರ, ಅರಿಷಿಣ ಕುಟ್ಟುವ ಕಲ್ಲು ಅದು. ಗಿಡದ ಬುಡವನ್ನು ಹೊಸದಾಗಿ ಕೆತ್ತಿ, ಕಲ್ಲಿನ ಕುಣಿಯಲ್ಲಿ ಇಳಿಸಿ, ಸುತ್ತಲೂ ಜಾಲಿ ಕಟ್ಟಿಗೆಯ ಬೆಣೆ ಬಡಿಯುತ್ತಿದ್ದಳು. ದಿನಾ ಮುಂಜಾನೆ ಕುಣಿಗೆ ನೀರು ತುಂಬುತ್ತಿದ್ದಳು. ಗಿಡ ಅಲುಗುತ್ತಿರಲಿಲ್ಲ, ಹಸಿರು ಮಾಸುತ್ತಿರಲಿಲ್ಲ. ಶಾಬಾಸಕಿ ಮಾತ್ರ ಬಾಬೂರಾಯನಿಗೆ.

ನನ್ನ ಮದುವೆ ಮುದಲಗಿಯ ನಿಮ್ಮ ಅಜ್ಜನ ಮನೆಗೆ ಗೊತ್ತಾದ ವರ್ಷವೇ ಬಂಗಲೆಯಲ್ಲಿ ಬೆಳ್ಳಿಯ ಚಮಚ ಕಳೆಯಿತು. ಬಾಬೂರಾಯ ಕಾಕುವನ್ನು ಗೇಟಿನಲ್ಲಿ ನಿಲ್ಲಿಸಿ, ದಾರಿಯ ಜನರೆಲ್ಲ ನೋಡುವ ಹಾಗೆ ಝಡತಿ, ಅಂದರೆ ತಪಾಸಣೆ, ತೆಗೆದುಕೊಂಡ. ಬುತ್ತಿಯ ಗಂಟು ಬಿಚ್ಚಿ ಝಾಡಿಸಿದಾಗ ರೊಟ್ಟಿ ಧೂಳಿನಲ್ಲಿ ಬಿತ್ತು. "ಸೆರಗ ಝಾಡಸ, ಕಳ್ಳಿ!" ಅಂದ. ಕಾಕು ಝಾಡಿಸಿದಳು. ನಕ್ಕಳು.

ಚಮಚ ಮರುದಿನವೇ ಅಗಸರ ಗಂಟಿನಲ್ಲಿ, ಮೇಜಿನ ಬಟ್ಟೆಯ ಮಡಿಕೆಯೊಳಗೆ ಸಿಕ್ಕಿತು. "ಸಿಕ್ಕೈತಿ ಬಿಡು, ಹೋಗಿ ಕಸಾ ಹೊಡಿ," ಅಂದನಂತೆ ಬಾಬೂರಾಯ. ಕಳ್ಳಿ ಅನ್ನುವ ಮಾತು ಗೇಟು ದಾಟಿ ಮುದಲಗಿಯವರೆಗೂ ಹೋಗಿತ್ತು. ಚಮಚ ಸಿಕ್ಕ ಮಾತು ಗೇಟು ದಾಟಲೇ ಇಲ್ಲ. ನನ್ನ ಅತ್ತೆಯಾಗಬೇಕಿದ್ದ ಬಾಳವ್ವ ಹೇಳಿ ಕಳಿಸಿದರು: "ಆ ಮಾತ ಸುಳ್ಳಂತ ನಮ್ಮ ಕಿವಿಗೆ ಬೀಳಲಿ, ಆಮ್ಯಾಲೆ ಅರಿಷಿಣ. ಇಲ್ಲಂದ್ರ ಬ್ಯಾರೆ ಕಡೆ ನೋಡ್ಕೋರಿ."

ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಕಾಕು ಎಂದಿನಂತೆ ಬಂಗಲೆಗೆ ಹೋದಳು, ಬಂದಳು. ಹಬ್ಬ ಬಂತು. ಕೇಳುವ ಮೊದಲೇ ಒಳಕಲ್ಲು ಸಾಗಿಸಿದಳು. ಗಿಡ ನಿಲ್ಲಿಸಿ, ನೀರು ಹಾಕಿ, ಎಂದಿಗಿಂತ ಚೆನ್ನಾಗಿ ನೋಡಿಕೊಂಡಳು. ನನಗೆ ಸಿಟ್ಟೇ ಬಂತು. "ಅಂವನ ಗಿಡಾ ಯಾಕ ಕಾಯ್ತಿ ಕಾಕು?" ಅಂದೆ.

"ಅಂವ ಎತ್ತರಕ್ಕ ಏರಲಿ ತಡಿಯವಾ," ಅಂದಳು.

ಹಬ್ಬದ ದಿನ ಮಧ್ಯಾಹ್ನ ಊಟಕ್ಕೆ ದೊಡ್ಡ ಮಂದಿಯ ಮೋಟಾರುಗಳು ಬರತೊಡಗಿದ್ದವು. ಅದೇ ಹೊತ್ತಿಗೆ ಕಾಕು ನಮ್ಮ ಬಂಡಿಯನ್ನು ಬಂಗಲೆಯ ಮೆಟ್ಟಿಲಿಗೆ ತಂದು ನಿಲ್ಲಿಸಿದಳು. ಬಂಡಿ ಹೊಡೆದವರು ಕಾಕಾ, ಹಿಂದೆ ಮುದುಡಿ ಕೂತವಳು ನಾನು. ಗೇಟಿನ ಹತ್ತಿರ ಬಾಳವ್ವ ನಿಂತಿದ್ದರು. ಸಂತೆಗೆ ಬಂದಾಗ ಅಲ್ಲಿ ಕಾಯಿರಿ ಎಂದು ಕಾಕುವೇ ಹೇಳಿ ಕಳಿಸಿದ್ದಳು.

ಕಾಕು ನೇರ ಒಳಗೆ ಹೋಗಿ, ಬಣ್ಣದ ಕಾಗದ, ಮೇಣಬತ್ತಿ ಹೊತ್ತು ನಿಂತ ಗಿಡದ ಬುಡದಲ್ಲಿ ಕೂತು ಮೊದಲ ಬೆಣೆ ಕಿತ್ತಳು. ಕಿಟಕಿ ತೆರೆದೇ ಇತ್ತು, ನಮಗೆಲ್ಲ ಕಾಣುತ್ತಿತ್ತು.

"ಏ ನೀಲವ್ವಾ! ಏನ ಮಾಡಾಕತ್ತಿ?" ಬಾಬೂರಾಯ ಓಡಿ ಬಂದ.

"ನನ್ನ ಒಳಕಲ್ಲ ಒಯ್ಯಾಕ ಬಂದೇನ್ರಿ. ನಮ್ಮ ಹುಡುಗೀದು ಅರಿಷಿಣ ಕುಟ್ಟೂದೈತಿ."

"ನಾಳಿ ಒಯ್ಯಿ!"

"ನಾಳಿ ಹೆಂಗ್ರಿ? ಕಳ್ಳೀ ಸಾಮಾನ ದೊಡ್ಡವರ ಮನ್ಯಾಗ ಇರಬಾರದು." ಇನ್ನೊಂದು ಬೆಣೆ ಕಿತ್ತಳು. ಗಿಡ ವಾಲಿತು.

"ಬೀಳತೈತಿ! ಬೀಳತೈತಿ!"

"ಹಿಡಕೊಂಡ ನಿಂದರ್ರಿ. ಝಡತಿ ತಗೊಂಡ ಕೈ, ಗಟ್ಟಿ ಅದಾವು."

ಬಾಬೂರಾಯ ಬಿಳಿ ಕೋಟು ತೊಟ್ಟೇ ಗಿಡವನ್ನು ತಬ್ಬಿ ಹಿಡಿದ. ಕುಣಿಯ ನೀರು ಅವನ ಬೂಟಿನ ಮೇಲೆ ಚೆಲ್ಲಿತು. ಕಾಕಾ ಬಂಡಿ ಇಳಿದು ಒಳಗೆ ಹೋದರು, ಕಾಕು, ಕಾಕಾ ಸೇರಿ ಕಲ್ಲನ್ನು ಉರುಳಿಸಿದರು. ಸದ್ದು ಕೇಳಿ ಮೇಮ್‌ಸಾಹೇಬರು ಬಂದರು. "ಕೌನ್ ಚೋರ್?" ಎಂದು ಕೇಳಿದರು. ಕಳ್ಳಿ ಅನ್ನುವ ಒಂದು ಮಾತು ಅವರಿಗೆ ತಿಳಿದಿತ್ತು.

"ಯಾರೂ ಇಲ್ರೀ," ಅಂದ ಬಾಬೂರಾಯ ಎಲೆಗಳ ನಡುವಿನಿಂದ.

"ಒಳಗ ಹೇಳಿದ್ರ ಏನ ಬಂತು?" ಅಂದಳು ಕಾಕು. "ಕಳ್ಳಿ ಅಂದದ್ದು ಗೇಟಿನ್ಯಾಗ. ಅಲ್ಲಿಗೆ ಕೇಳೂವಂಗ ಹೇಳ್ರಿ. ನಮ್ಮ ಬೀಗತಿಗೆ ಕಿವಿ ಸ್ವಲ್ಪ ಮಂದ."

ಬಾಳವ್ವನ ಕಿವಿ ಬೆಕ್ಕಿನ ಕಿವಿ. ಆದರೂ ಬಾಬೂರಾಯ ಕಿಟಕಿಯ ಕಡೆ ಕುತ್ತಿಗೆ ಚಾಚಿ ಕೂಗಿದ: "ನೀಲವ್ವ ಕಳ್ಳಿ ಅಲ್ಲ! ಚಮಚ ಸಿಕ್ಕೈತಿ!"

"ಯಾರ ಗಂಟಿನ್ಯಾಗ ಸಿಕ್ತ್ರಿ?" ಬಾಳವ್ವ ಗೇಟಿನಿಂದಲೇ ಕೇಳಿದರು.

"ಅಗಸರ ಗಂಟಿನ್ಯಾಗ! ನಂದೇ ತಪ್ಪ!"

ಬಂದ ಮಂದಿಯೆಲ್ಲ ಕೇಳಿದರು. ಇನ್ನು ಕಲ್ಲನ್ನು ಹಿಂದಕ್ಕೆ ಇಡುತ್ತಾಳೆ ಅಂತ ಅವನು ತಿಳಿದಿದ್ದ, ನಾನೂ ತಿಳಿದಿದ್ದೆ. ಕಾಕು ಇಡಲಿಲ್ಲ. ಬಂಡಿಗೆ ಹೇರಿಸಿ, ಗೇಟಿನಲ್ಲಿ ಇಳಿದು ನಿಂತು, ತಾನಾಗಿಯೇ ಸೆರಗು ಝಾಡಿಸಿ ತೋರಿಸಿ, ಬಾಳವ್ವನನ್ನೂ ಬಂಡಿಗೆ ಹತ್ತಿಸಿಕೊಂಡಳು. ಊಟ ಮುಗಿಯುವವರೆಗೂ ಬಾಬೂರಾಯ ಗಿಡ ಹಿಡಿದೇ ನಿಂತಿದ್ದನಂತೆ, ಮೂಗಿನ ಮೇಲೆ ಕೂತ ನೊಣ ಹೊಡೆಯಲೂ ಕೈ ಇರಲಿಲ್ಲವಂತೆ. ಬಂಗಲೆಯ ತೋಟದ ಮಾಲಿ ಹೇಳಿದ್ದು.

ಕಾಕುವಿಗೆ ಆ ಕೆಲಸ ಹೋಯಿತು. ಮುಂದೆ ಬೇರೆಯವರ ಹೊಲದಲ್ಲಿ ಕಳೆ ತೆಗೆದಳು. ಒಂದು ದಿನವೂ ಹಳಹಳಿಸಲಿಲ್ಲ. ನನ್ನ ಅರಿಷಿಣ ಅದೇ ಒಳಕಲ್ಲಿನಲ್ಲಿ ಕುಟ್ಟಿದರು. ಕುಣಿಯಲ್ಲಿ ಸರುವೆಯ ವಾಸನೆ ಇನ್ನೂ ಇತ್ತು.

ಕೊನೆಯ ಸಲ ಅವಳನ್ನು ನೋಡಿದ್ದು ನಿಮ್ಮಪ್ಪ ಸಾಲಿಗೆ ಹೋಗತೊಡಗಿದ ವರ್ಷ. ಹಾಸಿಗೆ ಹಿಡಿದಿದ್ದಳು. ಬಾಬೂರಾಯ ಮಾತಾಡಿಸಲು ಬಂದು ಹೋಗಿದ್ದನಂತೆ. "ಆದದ್ದ ಆತು, ಮರತ ಬಿಡು ಅಂದ," ಅಂದಳು. "ನಾ ಅಂದೆ, ಅಂದಾಂವ ಮರೀಬಹುದೋ, ಅನ್ನಿಸಿಕೊಂಡಾಕಿ ಹೆಂಗ ಮರೀಬೇಕು? ನಿನ್ನ ಮಣ್ಣಿಗೆ ನಮ್ಮ ಮನಿಯವರ ಯಾರೂ ಬರೂದಿಲ್ಲ, ಹೋಗು ಅಂದೆ." ಆಮೇಲೆ ನನ್ನ ಕೈ ಹಿಡಿದು, "ನೀನೂ ಹೋಗಬ್ಯಾಡ," ಅಂದಳು. ಮುಂದಿನ ವಾರ ಅವಳ ಮಣ್ಣಿಗೇ ನಾನು ಧುಪದಾಳಕ್ಕೆ ಹೋದೆ.

ಬಾಬೂರಾಯ ಸತ್ತ ಸುದ್ದಿ ಮುದಲಗಿಗೆ ಬಂದ ದಿನ ನಾನು ಹೋಳಿಗೆ ಮಾಡಿದೆ. "ಇವತ್ತ ಯಾವ ಹಬ್ಬ?" ಅಂದರು ನಿಮ್ಮ ಅಜ್ಜ. ನಾನು ತುಪ್ಪ ಹೆಚ್ಚು ಬಡಿಸಿದೆ.

ಮಕ್ಕಳೇ, ಸತ್ತವರ ಮೇಲೆ ಅವ್ವ ಹೀಗೆ ಬರೆಯಬಾರದಿತ್ತು ಎಂದು ನಿಮ್ಮಪ್ಪ ಈ ಹಾಳೆಗಳನ್ನು ಹರಿಯಲು ಬರಬಹುದು. ಕೊಡಬೇಡಿ. ಒಳ್ಳೆಯ ಟ್ರಂಕಿನಲ್ಲಿ, ಹುಳು ಹತ್ತದ ಹಾಗೆ ಬೇವಿನ ಎಲೆ ಹಾಕಿ ಇಡಿ.