ಮಾಳಿಗೆಯಿಂದ ಇಳಿಸಿದ ಹಲ್ಲು

ನನ್ನ ಮಗಳ ಮೊದಲ ಹಲ್ಲು ಹೋದದ್ದು ನಾಲ್ಕನೇ ವಯಸ್ಸಿನಲ್ಲಿ, ಪಂಚಮಿ ಹಬ್ಬದ ದಿನ, ಕಂಪ್ಲಿಯ ನನ್ನ ತವರುಮನೆಯ ಪಡಸಾಲೆಯಲ್ಲಿ. ತೊಲೆಗೆ ಕಟ್ಟಿದ್ದ ಜೋಕಾಲಿಯಲ್ಲಿ ಮನದಣಿಯೆ ಜೀಕಿ, ಸಾಕೆಂದು ತಾನೇ ಇಳಿದು, ಎರಡು ಹೆಜ್ಜೆ ಹೋದವಳು ಯಾಕೋ ತಿರುಗಿ ನೋಡಿದಳು. ಅಷ್ಟರಲ್ಲಿ ಖಾಲಿ ಹಲಗೆ ವಾಪಸು ಬಂದು ಬಾಯಿಗೆ ಬಡಿಯಿತು.

ಸಣ್ಣ ಮಕ್ಕಳ ಬಾಯಿಂದ ಅಷ್ಟು ರಕ್ತ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊಣಕಾಲು ತರಚಿದರೆ ಅರಿಶಿನ ಒತ್ತುತ್ತೇವೆ, ಹಣೆ ಊದಿದರೆ ಸೆರಗನ್ನು ಉಂಡೆ ಮಾಡಿ ಬಾಯಿಂದ ಬಿಸಿ ಊದಿ ಶಾಖ ಕೊಡುತ್ತೇವೆ. ಬಾಯಿಗೇ ಪೆಟ್ಟಾದರೆ ಏನು ಮಾಡುವುದು? ಒದ್ದೆ ಬಟ್ಟೆ ಒತ್ತಿ ಹಿಡಿದು ಕೂತೆ. ಅವಳ ಹೊಸ ಲಂಗವೂ ನನ್ನ ಸೀರೆಯೂ ಕೆಂಪಾದವು. ರಕ್ತ ನಿಂತ ಮೇಲೆ ತುಟಿ ಎತ್ತಿ ನೋಡಿದರೆ ಮೇಲಿನ ಸಾಲಿನ ಎರಡು ಮುಂದಿನ ಹಲ್ಲುಗಳೂ ಇಲ್ಲ. ತುಟಿಯನ್ನು ಮತ್ತೆ ಎತ್ತಿ ನೋಡಿದೆ. ಮಗಳು ಮಾತ್ರ ಅಳು ಮುಗಿಸಿ, ಶೇಂಗಾದುಂಡಿ ಕೊಡು ಅಂತ ಕೈ ಚಾಚಿದ್ದಳು.

ಪಂಚಮಿಯೆಂದರೆ ನಮ್ಮ ಕಡೆ ಉಂಡಿಗಳ ಹಬ್ಬ. ಅದರಲ್ಲೂ ನಮ್ಮವ್ವ ಹಿಡಿಯುವ ಬೆಲ್ಲದ ಪಾಕ ಯಾವಾಗಲೂ ಒಂದು ಎಳೆ ಜಾಸ್ತಿ. ಎಲ್ಲ ಹಲ್ಲು ಇದ್ದವರೇ ಅವಳ ಉಂಡಿಯನ್ನು ಬಾಗಿಲ ಸಂದಿಯಲ್ಲಿಟ್ಟು ಒಡೆದುಕೊಂಡು ತಿನ್ನಬೇಕು. ಇಂಥ ದಿನವೇ ಹಲ್ಲು ಕಳೆದುಕೊಂಡವಳಿಗೆ ಜೋಳದ ಅರಳು ಬೀಸಿದ ಅಳ್ಳಿಟ್ಟಿಗೆ ಹಾಲು ಹಾಕಿ ಕಲಸಿ ತಿನ್ನಿಸಿದೆವು. ಇದು ಉಂಡಿ ಅಲ್ಲ ಎಂದು ಅವಳು ತಕರಾರು ತೆಗೆದಳು.

ಹೊಸಪೇಟೆಯಲ್ಲಿ ನಮ್ಮ ಮನೆಯ ಹತ್ತಿರದ ದಂತವೈದ್ಯೆಗೆ ಫೋನ್ ಮಾಡಿದೆ. ಹಬ್ಬದ ದಿನವಾದರೂ ಆಕೆ ಎತ್ತಿದರು. ಕೆಮ್ಮುತ್ತಿದ್ದಾಳಾ, ಉಸಿರಾಟ ಸರಿ ಇದೆಯಾ, ತಲೆಗೇನಾದರೂ ಪೆಟ್ಟಾಗಿದೆಯಾ ಎಂದು ಮೊದಲು ಕೇಳಿದರು. ಎಲ್ಲ ಸರಿ ಇದೆ ಎಂದೆ. ಆಮೇಲೆ ನಾನೇ, ಹಲ್ಲನ್ನು ಹಾಲಿನಲ್ಲಿ ಹಾಕಿ ತಂದರೆ ಮತ್ತೆ ಕೂರಿಸುತ್ತಾರಂತಲ್ಲ, ಎಂದು ಎಲ್ಲೋ ಮೊಬೈಲಿನಲ್ಲಿ ನೋಡಿದ್ದನ್ನು ಹೇಳಿದೆ.

"ಅದು ದೊಡ್ಡವರ ಹಲ್ಲಿಗೆ ಕಣ್ರೀ. ಹಾಲುಹಲ್ಲನ್ನ ವಾಪಸು ಕೂರಿಸೋದಿಲ್ಲ. ಅದರ ಮೇಲೆ ಒಸಡಿನ ಒಳಗೆ ಶಾಶ್ವತ ಹಲ್ಲಿನ ಮೊಳಕೆ ಇರುತ್ತೆ, ಅದಕ್ಕೆ ಪೆಟ್ಟಾಗಬಾರದು" ಎಂದರು. "ಆದರೂ ಬಿದ್ದ ಹಲ್ಲನ್ನ ತನ್ನಿ. ಪೂರ್ತಿ ಬಂದಿದೆಯಾ ನೋಡಬೇಕು. ಎರಡೂ ಸಿಕ್ಕಿವೆ ತಾನೇ? ಒಂದೇ ಸಿಕ್ಕಿದ್ದರೆ ಇನ್ನೊಂದು ಹೊಡೆತಕ್ಕೆ ಒಳಗೇ ಹೊಕ್ಕಿರಬಹುದು. ಮೊಳಕೆಗೆ ತಾಗಿದ್ದರೆ ಹೊಸ ಹಲ್ಲಿಗೆ ತೊಂದರೆ."

ಹಲ್ಲು ಎಲ್ಲಿ ಎಂದು ತಿರುಗಿ ನೋಡಿದರೆ ಅವ್ವ ಹಿತ್ತಲ ಬಾಗಿಲಲ್ಲಿ ಕೈ ತೊಳೆಯುತ್ತಿದ್ದಳು.

"ಹಲ್ಲು ಎಲ್ಲಿಟ್ಟಿ?"

"ಇಡೋದೇನು ಬಂತು. ಸಗಣ್ಯಾಗ ಉಂಡಿ ಕಟ್ಟಿ ಮಾಳಿಗಿ ಮ್ಯಾಲೆ ಒಗದೀನಿ. ಹೊಳ್ಳಿ ಬೀಳಲಿಲ್ಲ, ಒಂದ ಸಲಕ್ಕ ನಿಂತೈತಿ. ಹೊಸ ಹಲ್ಲು ಜಲ್ದಿ ಬರ್ತಾವ."

ಅವಳ ಮುಖದಲ್ಲಿ ಕೆಲಸ ಚೊಕ್ಕವಾಗಿ ಮುಗಿಸಿದ ಸಮಾಧಾನವಿತ್ತು. ಅವ್ವನ ತಪ್ಪೇನೂ ಇಲ್ಲ. ನನ್ನ ಹಲ್ಲು, ತಮ್ಮನ ಹಲ್ಲು, ಓಣಿಯ ಅರ್ಧ ಮಕ್ಕಳ ಹಲ್ಲು ಅವಳ ಕೈಯಿಂದಲೇ ಆ ಮಾಳಿಗೆ ಹತ್ತಿದ್ದವು. ಆದರೆ ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಕೂಸಿನ ಬಾಯಲ್ಲಿ ರಕ್ತ ಸುರಿಯುವಾಗ ಸಗಣಿ ಹುಡುಕಿಕೊಂಡು ಹೋಗಿದ್ದೆಯಾ ಎಂದು ರೇಗಿದೆ. ಎಷ್ಟು ಹಲ್ಲು ಒಗೆದೆ, ಒಂದೋ ಎರಡೋ, ಅಷ್ಟಾದರೂ ಹೇಳು ಎಂದೆ.

"ಕಣ್ಣಾಗ ನೀರು ತುಂಬ್ಕೊಂಡು ನೆಲದ ಮ್ಯಾಲಿನ ಕಸದ ಜೋಡಿ ಬಳದು ಉಂಡಿ ಕಟ್ಟೀನಿ. ಅದನ್ನ ಎಣಿಸ್ಕೋತ ಕುಂದ್ರಬೇಕಿತ್ತೇನು?" ಎಂದಳು ಅವ್ವ.

ಸರಿ, ಈಗ ಮಾಳಿಗೆ ಹತ್ತಲೇಬೇಕು. ಉಂಡೆಯಲ್ಲಿ ಎರಡು ಹಲ್ಲಿದ್ದರೆ ನಾವು ಬದುಕಿದೆವು. ಒಂದೇ ಇದ್ದರೆ ಇನ್ನೊಂದು ಮಗಳ ಒಸಡಿನೊಳಗೆ ಇದೆ ಎಂದರ್ಥ. ತಮ್ಮ ಪಂಚಮಿಗೆಂದು ತಂದ ಬಿಳಿ ಅಂಗಿ ತೊಟ್ಟು ಗೆಳೆಯರ ಜೊತೆ ಹೊರಟು ನಿಂತಿದ್ದ. ಅವನನ್ನು ಹಿಡಿದು ಏಣಿ ಹತ್ತಿಸಿದೆ. ಹತ್ತಿದವನು ಅಲ್ಲಿಂದಲೇ ಕೂಗಿದ.

"ಯಕ್ಕಾ, ಇಲ್ಲಿ ಬರೇ ಸಗಣೀನ ಐತಿ."

ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತೆಂದು ಪಕ್ಕದ ಮನೆಯವರು ಬೆಳಗ್ಗೆ ತಾನೇ ನಮ್ಮ ಮಾಳಿಗೆಯ ಮೇಲೆ ಉರುವಲಿಗೆಂದು ಸಗಣಿಯ ಕುಳ್ಳು ತಟ್ಟಿ ಹರವಿದ್ದರು. ನಾನೂ ಸೀರೆ ಎತ್ತಿ ಕಟ್ಟಿ ಹತ್ತಿದೆ. ಆ ಹಸಿ ಕುಳ್ಳುಗಳ ನಡುವೆ ಅವ್ವನ ಉಂಡೆ ಹುಡುಕುತ್ತ ಅಕ್ಕ ತಮ್ಮ ಇಬ್ಬರೂ ಕುಕ್ಕರುಗಾಲಲ್ಲಿ ಸರಿದಾಡಿದೆವು. ಕೆಳಗಿನಿಂದ ಅವ್ವ, "ಬಲಕ್ಕ ನೋಡ್ರಿ, ನಾ ಬೇವಿನ ಗಿಡದ ಕಡಿಗೆ ಒಗದೀನಿ" ಎಂದು ದಾರಿ ತೋರಿಸುತ್ತಿದ್ದಳು. ಓಣಿಯವರೆಲ್ಲ ಕತ್ತೆತ್ತಿ ನಿಂತರು. ಪಕ್ಕದ ಮನೆಯಾಕೆ ತನ್ನ ಕುಳ್ಳು ತುಳಿಯಬೇಡಿ ಎಂದು ಎಚ್ಚರಿಸಿದಳು. ಆ ಗಾಬರಿಯಲ್ಲೂ ತಮ್ಮನ ಬಿಳಿ ಅಂಗಿ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಕೊನೆಗೆ ಮಾಳಿಗೆಯಂಚಿನ ಕುಂಬಿಯ ಮೂಲೆಯಲ್ಲಿ ಲಿಂಬೆಕಾಯಿ ಗಾತ್ರದ ಉಂಡೆ ಸಿಕ್ಕಿತು. ಅಲ್ಲೇ ಕೂತು ಒಡೆದೆ. ಒಂದು ಹಲ್ಲು ಬಂತು. ಚೂರು ಚೂರು ಮಾಡಿ ಬೆರಳಲ್ಲಿ ಉಜ್ಜಿ ನೋಡಿದೆ. ಇನ್ನೊಂದು ಇರಲಿಲ್ಲ. ಕೆಳಗೆ ಬಂದು ಒಂದೇ ಇದೆ ಎಂದಾಗ ಅವ್ವ ಒಳಗೆ ಹೋದಳು.

ತಮ್ಮನೇ ಕಾರು ಹೊಡೆದ. ಬುಕ್ಕಸಾಗರದ ಗದ್ದೆಗಳನ್ನು ದಾಟಿ ಹೊಸಪೇಟೆ ಸೇರುವವರೆಗೂ ಮಗಳು ನನ್ನ ತೊಡೆಯ ಮೇಲೆ ನಿದ್ದೆ ಮಾಡಿದಳು, ನಾನು ಅವಳ ಬಾಯನ್ನೇ ನೋಡುತ್ತ ಕೂತೆ. ನಾವು ಹಲ್ಲನ್ನು ಎಷ್ಟು ತೊಳೆದಿದ್ದೆವೋ ಡಾಕ್ಟರು ಅದಕ್ಕಿಂತ ಹೆಚ್ಚು ತೊಳೆದು ಬೆಳಕಿಗೆ ಹಿಡಿದರು. ಬೇರು ಸಮೇತ ಪೂರ್ತಿ ಬಂದಿದೆ, ಒಳಗೆ ಚೂರು ಉಳಿದಿಲ್ಲ, ಒಳ್ಳೆಯದಾಯಿತು ಎಂದರು. ವಾಸನೆ ಬಗ್ಗೆ ಏನೂ ಕೇಳಲಿಲ್ಲ. ಎಕ್ಸ್‌ರೇಯಲ್ಲಿ ಎರಡನೆಯದು ಕಂಡಿತು. ಮೊಳೆಯನ್ನು ಸುತ್ತಿಗೆಯಲ್ಲಿ ಬಡಿದಂತೆ ಒಸಡಿನೊಳಗೆ ಪೂರ್ತಿ ಇಳಿದು ಕೂತಿತ್ತು.

"ಇದನ್ನ ಮುಟ್ಟೋದು ಬೇಡ. ಬಹಳಷ್ಟು ಸಲ ತಾನಾಗೇ ಕೆಳಗೆ ಬರುತ್ತೆ. ತುಟಿ ಕೆಲವು ದಿನ ಊದಿರುತ್ತೆ, ಮೆತ್ತನೆಯದು ಕೊಡಿ, ಹೆದರಿ ಹಲ್ಲುಜ್ಜೋದು ಬಿಡಬೇಡಿ. ಹಲ್ಲಿನ ಬಣ್ಣ ಕಪ್ಪಾದರೆ ತಕ್ಷಣ ಗಾಬರಿಯಾಗಬೇಡಿ, ಒಸಡಲ್ಲಿ ಗುಳ್ಳೆ ಎದ್ದರೆ ಮಾತ್ರ ಓಡಿ ಬನ್ನಿ. ಬಿದ್ದ ಹಲ್ಲಿನ ಜಾಗ ಅವಳಿಗೆ ಆರೇಳು ವರ್ಷ ತುಂಬೋವರೆಗೆ ಖಾಲಿ ಇರುತ್ತೆ."

"ಹೊಸ ಹಲ್ಲು?"

"ಅದು ಬಂದಾಗಲೇ ಗೊತ್ತಾಗೋದು."

ಈ ಮಾತು ಮೂರು ವರ್ಷ ನನ್ನ ಎದೆಯಲ್ಲಿ ಕೂತಿತು. ನನಗೆ ಕಾಯುವುದು ಬರುವುದಿಲ್ಲ. ಅನ್ನಕ್ಕಿಟ್ಟರೆ ಕುಕ್ಕರ್ ಕೂಗುವ ಮೊದಲೇ ಮುಚ್ಚಳದ ಹತ್ತಿರ ಹೋಗಿ ನಿಲ್ಲುವವಳು ನಾನು. ದಿನಾ ಬೆಳಗ್ಗೆ ಮೊಬೈಲಿನ ಬೆಳಕು ಬಿಟ್ಟು ಮಗಳ ಬಾಯೊಳಗೆ ಇಣುಕಿದೆ, ಫೋಟೋ ತೆಗೆದೆ. ಒಮ್ಮೆ ಹಂಪಿಗೆ ಹೋದಾಗ ತೆಗೆದ ಚಿತ್ರಗಳನ್ನು ನೆಂಟರಿಗೆ ತೋರಿಸುತ್ತಿದ್ದೆ. ಕಲ್ಲಿನ ಕಂಬಗಳೆಲ್ಲ ಮುಗಿದು ಸಾಲಾಗಿ ಒಸಡುಗಳೇ ಬರತೊಡಗಿದವು. ನೆಂಟರು ಮರ್ಯಾದೆಗೆ ಅವನ್ನೂ ನೋಡಿದರು.

ಮಗಳಿಗೆ ಇದ್ಯಾವುದರ ಗೊಡವೆಯೂ ಇರಲಿಲ್ಲ. ಒಂದು ಹಲ್ಲು ಹೋಯಿತು, ಇನ್ನೊಂದು ಒಳಗೆ ಮಲಗಿದೆ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ತುಟಿ ಎತ್ತಿ ತೋರಿಸುತ್ತಿದ್ದಳು. ಖಾಲಿ ಸಂದಿಯಿಂದ ನೀರು ಚಿಮ್ಮಿಸುವುದನ್ನು ಕಲಿತು ಶಾಲೆಯ ಗೆಳತಿಯರಿಗೂ ಕಲಿಸಲು ಹೋದಳು, ಹಲ್ಲು ಇದ್ದವರಿಗೆ ಅದು ಬರಲಿಲ್ಲ. ಸಂಡೂರಿನ ಗಂಡನ ಮನೆಯಲ್ಲಿ ನಮ್ಮತ್ತೆ ಮಾತ್ರ, "ಹೆಣ್ಣ ಹುಡುಗಿ, ಅದೂ ಮುಂದಿನ ಹಲ್ಲು" ಎಂದು ನಿಟ್ಟುಸಿರು ಬಿಟ್ಟರು.

"ಈಗಿಂದ ಗಂಡು ನೋಡಾಕ ಹತ್ತೀರೇನ್ರಿ?" ಎಂದೆ. ಅವರು ನಕ್ಕುಬಿಟ್ಟರು.

ಒಳಗೆ ಹೋಗಿದ್ದ ಹಲ್ಲು ದೀಪಾವಳಿಯ ಹೊತ್ತಿಗೆ ಒಸಡಿನ ಅಂಚಿನಲ್ಲಿ ಅಕ್ಕಿನುಚ್ಚಿನಷ್ಟು ಕಾಣಿಸಿತು. ಸಂಕ್ರಾಂತಿಗೆ ಮುಂಚೆ ಪೂರ್ತಿ ಇಳಿದು, ಸ್ವಲ್ಪ ಬೂದು ಬಣ್ಣದ್ದಾಗಿ, ಏನೂ ಆಗಿಯೇ ಇಲ್ಲವೆಂಬಂತೆ ಸಾಲಲ್ಲಿ ನಿಂತಿತು. ಸಂತೋಷಕ್ಕೆ ಕಂಪ್ಲಿಗೆ ಫೋನ್ ಮಾಡಿದೆ. ಅವ್ವ "ಚಲೋ ಆತು" ಎಂದಷ್ಟೇ ಹೇಳಿ ಊಟ ಆಯಿತಾ ಎಂದು ಕೇಳಿದಳು.

ಅವ್ವ ಹಾಗಾಗಿದ್ದಳು. ಮೊಮ್ಮಗಳಿಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಾಳೆ, ತುತ್ತು ಮಾಡಿ ತಿನ್ನಿಸುತ್ತಾಳೆ, ಆದರೆ ಬಾಯಿ ತೆರೆದು ತೋರಿಸಲು ಬಂದರೆ ಏನಾದರೂ ನೆಪ ಹೇಳಿ ಎದ್ದುಹೋಗುತ್ತಾಳೆ. ನಾನು ಎಷ್ಟು ಇಣುಕುತ್ತಿದ್ದೆನೋ ಅವಳು ಅಷ್ಟು ತಪ್ಪಿಸಿಕೊಳ್ಳುತ್ತಿದ್ದಳು. ಅವಳಿಗೂ ನನ್ನಷ್ಟೇ ಹೆದರಿಕೆಯೆಂದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಮಗಳಿಗೆ ಏಳು ನಡೆಯುವಾಗ ಖಾಲಿ ಜಾಗದಲ್ಲಿ ಹೊಸ ಹಲ್ಲು ಬಂತು, ಬೆಳ್ಳಗೆ, ಗರಗಸದ ಅಂಚಿನಂತೆ. ಆಮೇಲೆ ಬೂದು ಹಲ್ಲು ಅಲ್ಲಾಡಿ ಬಿತ್ತು. ಅದರ ಜಾಗದಲ್ಲಿ ಬರುವುದೇ ನಾನು ಕಾದದ್ದು. ಅದು ತಡಮಾಡಿತು. ಬಂದಾಗ ನೆಟ್ಟಗೇ ಇತ್ತು, ಪೂರ್ತಿಯಾಗಿಯೂ ಇತ್ತು, ಆದರೆ ಮುಂಭಾಗದಲ್ಲಿ ಎಳ್ಳಿನಷ್ಟು ಹಳದಿ ಮಚ್ಚೆ. ಡಾಕ್ಟರು ಸಣ್ಣ ಕನ್ನಡಿ ಹಿಡಿದು ನೋಡಿದರು. ಅಂದಿನ ಪೆಟ್ಟಿನ ಗುರುತು ಅಷ್ಟೇ, ಹಲ್ಲು ಗಟ್ಟಿಯಾಗಿದೆ, ದೊಡ್ಡವಳಾದ ಮೇಲೆ ಅವಳಿಗೇ ಬೇಡವೆನಿಸಿದರೆ ಮುಚ್ಚಬಹುದು ಎಂದರು. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ನಾನು ಅತ್ತೆ. ಮೂರು ವರ್ಷದ ಭಾರ ಇಳಿದದ್ದಕ್ಕೆ ಅತ್ತೆನೋ, ಆ ಎಳ್ಳಿನಷ್ಟು ಮಚ್ಚೆಗೆ ಅತ್ತೆನೋ, ಎರಡಕ್ಕೂ ಇರಬೇಕು. ಮಗಳು ಪಕ್ಕದಲ್ಲಿ ನಿಂತು ಐಸ್‌ಕ್ರೀಮ್ ಕೇಳುತ್ತಿದ್ದಳು.

ಆ ವಾರವೇ ಕಂಪ್ಲಿಗೆ ಹೋದೆವು. ಅವ್ವ ಅಂಗಳದಲ್ಲಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಗಳು ಓಡಿಹೋಗಿ ಎದುರಿಗೆ ಕೂತು ಬಾಯಿ ತೆರೆದಳು. ಅವ್ವ ಮೊರ ಹಿಡಿದುಕೊಂಡು ಏಳಲು ನೋಡಿದಳು.

"ಅವ್ವಾ, ಒಂದ ಸಲ ನೋಡು" ಎಂದೆ.

ಅವಳು ಮೊರ ಕೆಳಗಿಟ್ಟಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಮ್ಮಗಳ ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿ, ತೋರುಬೆರಳಿಂದ ತುಟಿ ಎತ್ತಿದಳು. ಮಚ್ಚೆ ಅವಳ ಕಣ್ಣಿಗೆ ಬಿತ್ತು. ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಸವರಿದಳು.

"ಗಟ್ಟಿ ಐತೇನು?" ಎಂದು ಕೇಳಿದಳು. ನನ್ನನ್ನು ಕೇಳಿದಳೋ ಮಗಳನ್ನೋ ಗೊತ್ತಾಗಲಿಲ್ಲ.

ನಾನು ಉತ್ತರ ಕೊಡುವ ಮೊದಲೇ ಮಗಳು ಅಜ್ಜಿಯ ಬೆರಳನ್ನು ಕಚ್ಚಿಬಿಟ್ಟಳು. ಸುಮ್ಮನೆ ಅಲ್ಲ, ಬಲವಾಗಿಯೇ ಕಚ್ಚಿದಳು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡು ನೋಡಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಎರಡು ಹಲ್ಲಿನ ಗುರುತು ಪಕ್ಕಪಕ್ಕದಲ್ಲಿ ಮೂಡಿದ್ದವು, ಎರಡೂ ಒಂದೇ ಆಳ. ಆ ಬೆರಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ ಅವಳು ನಗತೊಡಗಿದಳು, ನಗುತ್ತಲೇ ಕಣ್ಣೀರು ಇಳಿಯಿತು.

"ಭಾಳ ಗಟ್ಟಿ ಅದಾವ" ಎಂದಳು. ಆಮೇಲೆ ಪಕ್ಕದ ಮನೆಯಾಕೆಯನ್ನು ಕರೆದು ಬೆರಳು ತೋರಿಸಿದಳು.