ಸಾಲು ತಿರುಗುವಲ್ಲಿ ಒಂದು ಉಸಿರು

ಜಾಳಿಯ ಅಮ್ಮ ರಫೂ ಕೆಲಸದವಳು. ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಕೋಟು, ಕಿಡಿ ಹಾರಿ ತೂತಾದ ಪ್ಯಾಂಟು, ಏನೇ ಬರಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಆ ಎಳೆಯಿಂದಲೇ ತೂತನ್ನು ನೇಯ್ದು ಮುಚ್ಚುತ್ತಿದ್ದಳು. ಬಟ್ಟೆಯವರು ಬಂದು, ಬೆಳಕಿಗೆ ಹಿಡಿದು ನೋಡಿ, "ಎಲ್ಲಿತ್ತಮ್ಮಾ ತೂತು?" ಎಂದರೆ ಸಾಕು, ಅವತ್ತು ಅವಳಿಗೆ ಹೊಟ್ಟೆ ತುಂಬಿದ ಹಾಗೆ.

ಮಗಳು ಪಕ್ಕದಲ್ಲಿ ಕೂತು ಹಳೇ ಕಾಲುಚೀಲದ ಮೇಲೆ ಕೈ ಪಳಗಿಸುತ್ತಿದ್ದಳು. ಅವಳ ನೇಯ್ಗೆ ಬಲು ಜಾಳು.

"ಇದೇನೇ, ರಫೂನೋ ಸೊಳ್ಳೆ ಪರದೆನೋ?" ಎಂದು ಅಮ್ಮ ನಗುವಳು. ಜಾಳಿ ಎಂಬ ಹೆಸರು ಅಂಟಿದ್ದು ಹಾಗೆ.

ಜಾಳಾದರೂ ಅಮ್ಮ ಸಹಿಸುತ್ತಿದ್ದಳು, ಒಂದು ತಪ್ಪನ್ನು ಮಾತ್ರ ಸಹಿಸುತ್ತಿರಲಿಲ್ಲ. "ಸಾಲು ತಿರುಗುವಾಗ ಬಿಗಿಯಾಗಿ ಎಳೀಬೇಡ. ಅಲ್ಲೊಂದು ಉಸಿರು ಬಿಡು. ಬಿಡಿಸಿದ ಎಳೆ ನೆಟ್ಟಗಾಗಿರುತ್ತೆ, ನೀರು ಬಿದ್ರೆ ಮತ್ತೆ ಸುರುಟಿಕೊಳ್ಳುತ್ತೆ. ಉಸಿರಿಲ್ಲದಿದ್ರೆ ಅಂಚನ್ನೇ ಕಿತ್ಕೊಂಡು ಬರುತ್ತೆ."

ಉಸಿರು ಎಂದರೆ ಅಮ್ಮನ ಮಾತಿನಲ್ಲಿ, ಸಾಲಿನ ತುದಿಯಲ್ಲಿ ಸಡಿಲವಾಗಿ ಬಿಡುವ ಸಾಸಿವೆಕಾಳಿನಷ್ಟು ಕುಣಿಕೆ.

ಜಾಳಿ ಓದಿದಳು, ಬಿಳಿ ಕೋಟು ತೊಟ್ಟು ಪ್ರಯೋಗಾಲಯ ಸೇರಿದಳು. ಅಲ್ಲಿಯದೂ ಒಂದು ಬಗೆಯ ರಫೂ ಕೆಲಸವೇ, ಸುಟ್ಟ ಚರ್ಮಕ್ಕೆ ತೇಪೆ ಹಾಕುವುದು. ಮೈಯಲ್ಲಿ ನಿಧಾನವಾಗಿ ಕರಗುವ ರೇಷ್ಮೆ ಎಳೆಯ ಬಲೆ ನೇಯ್ದು, ರೋಗಿಯದೇ ಜೀವಕೋಶಗಳನ್ನು ಅದರ ಮೇಲೆ ಬಿತ್ತಬೇಕು. ಅವು ಬಲೆ ಹಿಡಿದು ಬೆಳೆಯಬೇಕು. ಕಡೆಗೆ ಬಲೆ ಕರಗಿ ಚರ್ಮ ಉಳಿಯಬೇಕು. ಆದರೆ ಬೆಳೆಯುವ ಜೀವಕೋಶಗಳು ಬಲೆಯನ್ನು ತಮ್ಮತ್ತ ಜಗ್ಗುತ್ತಿದ್ದವು. ಎಂಟನೇ ದಿನಕ್ಕೆ ತೇಪೆ ಅಂಚಿನಿಂದ ಹರಿದು, ಬಾಡಿದ ಎಲೆಯ ಹಾಗೆ ಮುದುಡುತ್ತಿತ್ತು. ಒಂದಲ್ಲ, ನಲವತ್ತು ತೇಪೆ ಹಾಗಾದವು.

ಒಂದು ಮಧ್ಯಾಹ್ನ, ಜೀವಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆ ಒಂದೇ ಸಮನೆ ಗುಂಯ್ ಎನ್ನುತ್ತಿದ್ದಾಗ, ಮೇಜಿನ ಮೇಲೆ ತಲೆಯಿಟ್ಟ ಜಾಳಿಗೆ ಜೊಂಪು ಹತ್ತಿತು. ಅವಳು ಬಲೆಯೊಳಗೇ ನಡೆಯುತ್ತಿದ್ದಳು. ಬಿಳೀ ಎಳೆಗಳೆಲ್ಲ ಬೀದಿಗಳಾಗಿದ್ದವು. ಜೀವಕೋಶಗಳು ಹೊಸ ಊರಿಗೆ ಬಂದ ಜನರ ಹಾಗೆ ಗಂಟುಮೂಟೆ ಇಳಿಸಿ, ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು, ನಗುತ್ತ ಜಗ್ಗುತ್ತಿದ್ದವು. ಊರಂಚಿನ ಗೋಡೆ ಸದ್ದಿಲ್ಲದೆ ಬಿರಿಯುತ್ತಿತ್ತು. ಗೋಡೆಯ ಮೇಲೆ ಸೂಜಿ ಹಿಡಿದು ಕೂತಿದ್ದ ಅಮ್ಮ ಹೇಳಿದಳು: "ಉಸಿರು ಬಿಟ್ಟಿಲ್ವಲ್ಲೇ, ಜಾಳಿ."

ಕಣ್ಣು ಬಿಟ್ಟವಳೇ ಸೂಕ್ಷ್ಮದರ್ಶಕದ ಕೆಳಗೆ ಕೈಯಾರೆ ಒಂದು ತೇಪೆ ನೇಯ್ದಳು, ಪ್ರತಿ ತಿರುವಿನಲ್ಲೂ ಒಂದು ಕುಣಿಕೆ. ಎಂಟನೇ ದಿನ ಮುಚ್ಚಳ ತೆಗೆಯುವ ಮೊದಲು ಮನಸ್ಸಿನಲ್ಲೇ ದೇವರನ್ನು ನೆನೆದಳು. ಕುಣಿಕೆಗಳೆಲ್ಲ ಬಿಚ್ಚಿಕೊಂಡು ನೆಟ್ಟಗಾಗಿದ್ದವು. ತೇಪೆ ಮಾತ್ರ ಹಾಸಿದಂತೆ ಮಲಗಿತ್ತು.

ಆ ಸಂತೋಷ ಮೂರು ವಾರ ಬಾಳಿತು. ಬಲೆಯ ಜೊತೆಗೆ ಕುಣಿಕೆಗಳೂ ಕರಗಿ, ಹೊಸ ಚರ್ಮ ಅಂಚಿನಿಂದ ಮತ್ತೆ ಬಿಟ್ಟುಕೊಂಡಿತು. ಬಲೆ ಮೊದಲು ಕರಗಿ ಕುಣಿಕೆ ಕೊನೆಗೆ ಕರಗುವ ಹಾಗೆ ಮಾಡಲು ಇನ್ನೂ ಆರು ವರ್ಷ ಹಿಡಿಯಿತು.

ಆಮೇಲೆ ಪೇಟೆಂಟಿಗೆ ಅರ್ಜಿ. ಅದು ಸಿಕ್ಕದಿದ್ದರೆ ತೇಪೆ ತಯಾರಿಸಲು ಯಾವ ಕಾರ್ಖಾನೆಯವರೂ ಮುಂದೆ ಬರುವುದಿಲ್ಲ, ಇಷ್ಟು ವರ್ಷದ ಕೆಲಸ ಗಾಜಿನ ಬೀರುವಿನಲ್ಲೇ ಉಳಿಯುತ್ತದೆ. ಜಾಳಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅಭ್ಯಾಸಬಲದಿಂದ "ಸಾಲು ತಿರುಗುವಲ್ಲಿ ಉಸಿರು ಬಿಡಬೇಕು" ಎಂದೇ ಬರೆದಿದ್ದಳು. ವಕೀಲರು ಅದನ್ನು ಅರ್ಜಿಗೆ ಹಾಗೇ ಇಳಿಸಿದ್ದರು. ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂತು: ನೇಯುವವರು ಪ್ರತಿ ಸಾಲಿನಲ್ಲೂ ಉಸಿರು ಬಿಡಬೇಕಾದ ಕಾರಣವೇನು? ಇದರಿಂದ ತೇಪೆ ಮಲಿನವಾಗುವುದಿಲ್ಲವೇ?

"ಏನಮ್ಮಾ, ಇಷ್ಟು ವರ್ಷ ಊದಿ ಊದಿ ತೇಪೆ ಮಾಡಿದ್ರಾ?" ವಕೀಲರು ತಲೆ ಚಚ್ಚಿಕೊಂಡರು. ಜಾಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ವಿಚಾರಣೆಯ ದಿನ ಮೆಟ್ಟಿಲು ಹತ್ತುವಾಗ ವಕೀಲರು ಎಚ್ಚರಿಸಿದರು: "ಉಸಿರು ಅಂದ್ರೆ ಕುಣಿಕೆ ಅಂತ ಹೇಳಿ ಸುಮ್ಮನಾಗಿ. ಅಮ್ಮ, ರಫೂ, ಕಾಲುಚೀಲ ಯಾವುದೂ ಬಾಯಿಗೆ ಬರಬಾರದು."

ಮೇಜಿನಾಚೆ ದಪ್ಪ ಕನ್ನಡಕದ ಅಧಿಕಾರಿ ಮೇಡಂ ಕೂತಿದ್ದರು. ಕುಣಿಕೆಯ ವಿವರಣೆ ಕೇಳಿ ತಲೆದೂಗಿದರು. ಆಮೇಲೆ ಸುಮ್ಮನೆ ಕುತೂಹಲಕ್ಕೆಂಬಂತೆ, "ಈ ಮಾತು ಎಲ್ಲಿಂದ ಬಂತು?" ಎಂದರು.

ಜಾಳಿ ಫ್ಯಾನಿನ ಗಾಳಿಗೆ ಏಳುತ್ತ ಬೀಳುತ್ತ ಇದ್ದ ಕಾಗದದ ಅಂಚನ್ನೇ ನೋಡಿದಳು. "ನಮ್ಮಮ್ಮನ ಮಾತು, ಮೇಡಂ. ರಫೂ ಕೆಲಸದವರು."

ಮೇಜಿನ ಕೆಳಗೆ ವಕೀಲರ ಬೂಟು ಅವಳ ಕಾಲನ್ನು ಒತ್ತಿತು.

"ಹಾಗಾದ್ರೆ ಇದು ಹೊಸದಲ್ಲ. ರಫೂ ಹಾಕೋರಿಗೆಲ್ಲ ಗೊತ್ತಿರೋದೇ."

"ಕುಣಿಕೆ ಹೊಸದಲ್ಲ, ಮೇಡಂ. ಅದನ್ನ ನನ್ನದು ಅಂದ್ರೆ ದೇವರು ಮೆಚ್ಚಲ್ಲ. ಆದ್ರೆ ಬಟ್ಟೆಯಲ್ಲಿ ಕುಣಿಕೆ ಹಾಗೇ ಉಳಿದ್ಬಿಡುತ್ತೆ. ಮೈಯಲ್ಲಿ ಅದು ಹೋಗ್ಬೇಕು, ಎಲ್ಲಕ್ಕಿಂತ ಕೊನೆಗೆ ಹೋಗ್ಬೇಕು. ನಡುವಿನ ಎಳೆ ಮೂರು ವಾರಕ್ಕೆ, ಅಂಚಿನದು ಒಂಬತ್ತು ವಾರಕ್ಕೆ. ಆ ಸರದಿ ಯಾವ ರಫೂನವರಿಗೂ ಬೇಕಾಗಿರಲಿಲ್ಲ. ಅದು ಮಾತ್ರ ನನ್ನದು."

ಮೇಡಂ ಬಹಳ ಹೊತ್ತು ಏನೋ ಬರೆದರು. "ಹಾಗಾದ್ರೆ ಅಷ್ಟನ್ನೇ ಕೇಳಿ. ತಿದ್ದಿ ತನ್ನಿ. ಉಸಿರನ್ನ ಬಿಟ್ಟುಬಿಡಿ."

"ಅರ್ಧ ಹಕ್ಕು ಕೈಯಾರೆ ಕೊಟ್ಟುಬಿಟ್ರಲ್ಲಾ!" ಮೆಟ್ಟಿಲಿಳಿಯುತ್ತ ವಕೀಲರು ಗೊಣಗಿದರು.

"ಕೊಡೋದಕ್ಕೆ ಅದು ನನ್ನದಾಗಿದ್ರೆ ತಾನೇ, ಸಾರ್."

ಪೇಟೆಂಟ್ ಪತ್ರ ಬಂದ ದಿನ ಅಮ್ಮ ಅದೇ ಕಿಟಕಿ ಪಕ್ಕ ಕೂತಿದ್ದಳು. ಕಣ್ಣು ಮಂಜಾಗಿ ಸೂಜಿ ಬಿಟ್ಟು ಎರಡು ವರ್ಷವಾಗಿತ್ತು. ಜಾಳಿ ಓದಿ ಹೇಳಿದಳು.

"ಉಸಿರು ಅಂತ ಬರೀಲಿಲ್ವೇನೇ?"

"ಬರೆದಿದ್ದೆ ಅಮ್ಮ. ಬಿಡಿ ಅಂದ್ರು."

"ಉಸಿರು ಬಿಡಿ ಅಂದ್ರಾ?"

"ಹೂಂ. ಬಿಟ್ಟೆ."

ಅಮ್ಮ ಮುಖ ಅರಳಿಸಿ ಅಂಗೈ ಚಾಚಿದಳು. ಜಾಳಿ ಜೀವಕೋಶ ಬಿತ್ತದ ಖಾಲಿ ತೇಪೆಯೊಂದನ್ನು ಅದರ ಮೇಲೆ ಹಾಸಿದಳು. ಬಿಸಿಲಲ್ಲಿ ಅದು ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಅಮ್ಮನ ಬೆರಳು ಸಾಲು ಹಿಡಿದು ಮೆಲ್ಲಗೆ ಸಾಗಿತು, ಅಂಚಿಗೆ ಬಂದು ತಡೆಯಿತು.

"ಇಲ್ಲೇ ಇದೆಯಲ್ಲೇ," ಎಂದಳು. ಬೆರಳು ತಿರುಗಿ ಮುಂದಿನ ಸಾಲು ಹಿಡಿಯಿತು.