ಲೈನ್ ಸರಿ ಮಾಡುವವನು

ತೀರ್ಥಹಳ್ಳಿಯ ಆ ಟೆಲಿಫೋನ್ ಲೈನ್‌ಮನ್‌ನ ಅಚ್ಚುಕಟ್ಟುತನ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಕಂಬ ಹತ್ತುವ ಮೊದಲು ಚಪ್ಪಲಿ ಜೋಡಿಸಿಡುತ್ತಿದ್ದ. ರಿಸೀವರನ್ನು ಅಂಗಿಯ ತುದಿಯಿಂದ ಒರೆಸಿಯೇ ವಾಪಸ್ ಕೊಡುತ್ತಿದ್ದ.

ತುರ್ತುಪರಿಸ್ಥಿತಿಯಲ್ಲಿ ಅಪ್ಪ ಸರ್ಕಾರದ ವಿರುದ್ಧ ಭಾಷಣ ಮಾಡಿ ತಲೆಮರೆಸಿಕೊಂಡರು. ಅದೇ ವಾರ ಇವನು ಹಾಡುಹಗಲೇ ಎಕ್ಸ್‌ಚೇಂಜಿನಿಂದ ಪೊಲೀಸ್ ಠಾಣೆಗೆ ಹೊಸ ತಂತಿ ಎಳೆದ. ಯಾಕೆಂದು ಕೇಳಿದವರಿಗೆ, "ನಮ್ದು ತಂತಿ ಎಳೆಯೋ ಕೆಲ್ಸ ಮಾರಾಯ್ರೆ, ರಾಜಕೀಯ ನಮಗ್ಯಾಕೆ?" ಅಂದ. ಅವನ ಬಾಯಲ್ಲಿ ಯಾವಾಗಲೂ ಅದೇ ಮಾತು.

ಆಮೇಲೆ ನಮ್ಮ ಫೋನಿನಲ್ಲಿ ದನಿ ಸಣ್ಣಗಾಯಿತು. ಅಮ್ಮ ದೂರು ಹೇಳಿದಳು. ಅವನು ಬಂದು ಅರ್ಧ ದಿನ ಬಿಸಿಲಲ್ಲಿ ಒದ್ದಾಡಿ ಸರಿ ಮಾಡಿದ. "ಈಗ ಪಿಸುಗುಟ್ಟಿದ್ರೂ ಕೇಳ್ತದೆ ಅಮ್ಮಾ." ಅಮ್ಮ ಅವನಿಗೆ ಕಾಫಿ ಕೊಟ್ಟಳು!

ಮರುದಿನ ಅಪ್ಪನ ಟ್ರಂಕ್ ಕಾಲ್ ಬಂತು. ಸಾಗರದಲ್ಲಿ ಯಾರ ಮನೆಯಲ್ಲಿದ್ದೇನೆಂದು ಪಿಸುಗುಟ್ಟಿದರು. ಒಂದೊಂದು ಅಕ್ಷರವೂ ಕೇಳಿತು, ನಮಗೂ, ಠಾಣೆಗೂ. ಬೆಳಗಾಗುವಷ್ಟರಲ್ಲಿ ಅವರನ್ನು ಅಲ್ಲಿಂದಲೇ ಎಳೆದೊಯ್ದಿದ್ದರು. ಹೊಸ ತಂತಿ ಯಾಕೆಂದು ನಮಗೆ ಗೊತ್ತಾದದ್ದು ಆಗ.

ಜೈಲಿನಿಂದ ಬಂದಾಗ ಅಪ್ಪನ ಕಿವಿಗಳು ಮಂದವಾಗಿದ್ದವು. ಠಾಣೆಯಲ್ಲಿ ಕಪಾಳಕ್ಕೆ ಬಿದ್ದ ಏಟುಗಳು ಅಂಥವು. ಫೋನ್ ಬಂದರೆ "ಏನು? ಜೋರಾಗಿ ಹೇಳಿ!" ಎಂದು ಕಿರುಚುತ್ತಿದ್ದರು.

ಒಂದು ದಿನ ಅದು ರಸ್ತೆಯಲ್ಲಿ ಹೋಗುತ್ತಿದ್ದ ಲೈನ್‌ಮನ್‌ಗೆ ಕೇಳಿಸಿತು. ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟು ಒಳಗೆ ಬಂದ.

"ಲೈನ್ ಸರಿ ಇಲ್ವಾ ಗೌಡ್ರೆ? ಕೊಡಿ ಇಲ್ಲಿ, ನೋಡ್ತೀನಿ" ಎಂದು ಕೈ ಚಾಚಿದ.